ಸೋಮವಾರ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಎಲಿಫೆಂಟಾ ಟಿಕೆಟ್ ಅಂತ ಯಾರಾದ್ರೂ ಕೊಟ್ಟರೆ ತಗೋಬೇಡಿ

ಮುಂಬೈನ ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಇದೊಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ನನ್ನ 1400 ರೂಪಾಯಿ ಉಳಿಯುತ್ತಿತ್ತು.

ಚಿಕ್ಕಪ್ಪನ ಮಗಳ ಮದುವೆಗೆ ಅಂತ ಹುಬ್ಬಳ್ಳಿಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಹೋಗಿದ್ದೆವು. ಭಾನುವಾರ ಮದುವೆ ಮುಗೀತು, ವಾಪಸ್ ಟ್ರೇನು ಸೋಮವಾರ ರಾತ್ರಿ, ನಡುವೆ ಒಂದು ಹಗಲು ಖಾಲಿ. ಅಪ್ಪ ಹೈಸ್ಕೂಲಲ್ಲಿ ಇತಿಹಾಸ ಹೇಳಿದವರು. ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗು ತಗೊಂಡು ಹೋಗಿ ಪುರಿ ಅನ್ನೋ ಊರು ಗೆದ್ದ ಅಂತ ಬರುತ್ತಲ್ಲ, ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಅಂತ ಕೆಲವು ವಿದ್ವಾಂಸರು ಹೇಳ್ತಾರಂತೆ. ಲೋಕಲ್ ಟ್ರೇನಲ್ಲಿ ಮುಂಬೈನ ಸಿಎಸ್‌ಎಂಟಿ (ಹಳೇ ವಿ.ಟಿ.) ಸ್ಟೇಷನ್ ತನಕ ಇದೇ ಕತೆ. ಹಾಗಾಗಿ ನೋಡಲೇಬೇಕು ಅಂತಾಯ್ತು.

ದ್ವೀಪಕ್ಕೆ ಬೋಟು ಹೊರಡುವ ಗೇಟ್‌ವೇಗೆ ಹೋಗೋಣ ಅಂದರೆ ಸ್ಟೇಷನ್ ಹೊರಗೆ ಟ್ಯಾಕ್ಸಿಯವನು ಮೀಟರ್ ಕೆಟ್ಟಿದೆ, 300 ಕೊಡಿ ಅಂದ. ಕೊಟ್ಟೆವು. ಸಂಜೆ ಅದೇ ದಾರಿಯಲ್ಲಿ ಮೀಟರ್ ಹಾಕಿಸಿ ಬಂದರೆ 60 ಕೂಡ ಆಗಲಿಲ್ಲ! ಅದಿರಲಿ, ಅದು ಸಣ್ಣದು.

ಗೇಟ್‌ವೇ ಹತ್ತಿರ ಬ್ಯಾಗ್ ತಪಾಸಣೆ ದಾಟಿ ಒಳಗೆ ಬಂದಿದ್ದೇ ತಡ, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಒಬ್ಬ ಹುಡುಗ ಪಕ್ಕಕ್ಕೆ ಬಂದ. ನಮ್ಮ ಮಾತು ಕೇಳಿಸಿಕೊಂಡು "ಬನ್ನಿ ಅಣ್ಣಾ, ಕನ್ನಡದವರಾ?" ಅಂದ. ಅಷ್ಟಕ್ಕೇ ನಾವು ಕರಗಿಹೋದೆವು. ಆಮೇಲೆ ಯೋಚಿಸಿದರೆ ಅವನಿಗೆ ಬರುತ್ತಿದ್ದ ಕನ್ನಡವೇ ಆ ಮೂರ್ನಾಲ್ಕು ಪದ, ಉಳಿದದ್ದೆಲ್ಲ ಹಿಂದಿ. ಎಲಿಫೆಂಟಾ, ತಲೆಗೆ 350, ಗುಹೆ ಟಿಕೆಟ್ಟೂ ಸೇರಿ, ಬೋಟ್ ಈಗಲೇ ಬಿಡುತ್ತೆ, ಓಡಿ ಅಂದ. ನಾವು ನಾಲ್ಕು ಜನ. ದುಡ್ಡು ಕೊಟ್ಟೆ. ಟಿಕೆಟ್ ಅವನ ಕೈಯಲ್ಲೇ ಇತ್ತು, ಬೋಟಿನ ಮೆಟ್ಟಿಲ ತನಕ ಬಂದು ಹತ್ತಿಸಿ, ಮಡಚಿದ ಚೀಟಿ ನನ್ನ ಅಂಗೈಗೆ ತುರುಕಿ ಮಾಯವಾದ.

ಬೋಟು ತಾಜ್ ಹೋಟೆಲ್ ಮುಂದಿಂದ ಸಾಗಿ, ನೌಕಾಪಡೆಯ ಹಡಗುಗಳನ್ನು ದೂರದಿಂದ ತೋರಿಸಿ, ಮೆಲ್ಲಗೆ ತಿರುಗಿತು. ಅರ್ಧ ಗಂಟೆ ಆಗಿರಬಹುದು. ಅವ್ವ ಎದುರಿಗೆ ಕಂಡ ಕಮಾನು ನೋಡಿ "ಅಲ್ಲೂ ಇಂಥಾದ್ದ ಒಂದು ಕಟ್ಯಾರೇನೋ?" ಅಂದಳು. ಅವ್ವಾ, ಅದು ಅದೇ ಗೇಟ್‌ವೇ. ಬೋಟಿನವನನ್ನು ಕೇಳಿದರೆ "ಆಜ್ ಸೋಮ್‌ವಾರ್ ಹೈ ನಾ" ಅಂತ ನನ್ನನ್ನೇ ಪೆದ್ದನ ಥರ ನೋಡಿದ.

ಚೀಟಿ ಬಿಚ್ಚಿ ನೋಡಿದೆ. ಬಂದರು ಸುತ್ತಿಸುವ ಟಿಕೆಟ್ಟು, ಅದರ ಮೇಲಿದ್ದ ರೇಟು ನಾನು ಕೊಟ್ಟದ್ದರ ಅರ್ಧವೂ ಇಲ್ಲ. ಅಲ್ಲಿದ್ದ ಪೊಲೀಸರಿಗೆ ತೋರಿಸಿದೆ. ಅವರೂ ಏನು ಮಾಡ್ತಾರೆ, ಟಿಕೆಟ್ ಖೋಟಾ ಅಲ್ಲವಲ್ಲ! ಬಾಯಲ್ಲಿ ಹೇಳಿದ್ದಕ್ಕೆ ರಸೀದಿ ಇಲ್ಲ.

ಹೋಗುವವರು ದಯವಿಟ್ಟು ಕೌಂಟರಿನಲ್ಲೇ ಟಿಕೆಟ್ ತಗೊಳ್ಳಿ, ದುಡ್ಡು ಕೊಡೋ ಮುಂಚೆ ಅದರ ಮೇಲೆ ಏನಿದೆ ಅಂತ ಓದಿ. ಎಲಿಫೆಂಟಾಕ್ಕೆ ಹೋಗೋದಕ್ಕೇ ಸುಮಾರು ಒಂದು ಗಂಟೆ ಬೇಕು, ಬರೋದಕ್ಕೆ ಇನ್ನೊಂದು. ಗುಹೆಯ ಪ್ರವೇಶ ಟಿಕೆಟ್ಟೇ ಬೇರೆ, ಅದು ದ್ವೀಪದಲ್ಲೇ ಸಿಗುತ್ತೆ, ಆದ್ದರಿಂದ "ಎಲ್ಲಾ ಸೇರಿ" ಅಂದವನನ್ನು ಅಲ್ಲೇ ಬಿಡಿ. ಅಲ್ಲಿ ನೂರಕ್ಕೂ ಜಾಸ್ತಿ ಮೆಟ್ಟಿಲು ಇವೆ, ಮಂಡಿನೋವಿನವರು ನೋಡಿಕೊಳ್ಳಿ. ಫೋಟೋ ತೆಗೆಯುವವರ ಹತ್ತಿರವೂ ಎಷ್ಟು ಪ್ರಿಂಟು ಅಂತ ಮೊದಲೇ ಮಾತಾಡಿ, ನಮಗೆ ಎರಡು ಕೇಳಿದರೆ ಒಂಬತ್ತು ಬಂದವು.

ಇನ್ನೊಂದು. ನಮ್ಮ ಬೋಟಿನಲ್ಲಿ ಲೈಫ್ ಜಾಕೆಟ್‌ಗಳನ್ನು ಛಾವಣಿಗೆ ಹಗ್ಗದಲ್ಲಿ ಬಿಗಿದು ಕಟ್ಟಿದ್ದರು. 2024ರ ಡಿಸೆಂಬರ್ 18ರಂದು ಇದೇ ನೀರಿನಲ್ಲಿ ನೌಕಾಪಡೆಯ ಸ್ಪೀಡ್ ಬೋಟ್ ಗುದ್ದಿ ಎಲಿಫೆಂಟಾಕ್ಕೆ ಹೊರಟಿದ್ದ ಬೋಟು ಮುಳುಗಿತ್ತು, ಹತ್ತಕ್ಕೂ ಹೆಚ್ಚು ಜನ ಸತ್ತರು. ನಾಚಿಕೊಳ್ಳದೆ ಜಾಕೆಟ್ ಕೇಳಿ ಹಾಕಿಕೊಳ್ಳಿ. ನಾನು ಕೇಳಲಿಲ್ಲ, ಆ ಕಟ್ಟು ನೋಡಿಯೂ ಸುಮ್ನೆ ಕೂತಿದ್ದೆ.

ಉಳಿದ ಮಧ್ಯಾಹ್ನ ಅಲ್ಲಿಂದ ನಡೆದೇ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋದೆವು. ಅದು ಸೋಮವಾರವೂ ತೆರೆದಿರುತ್ತೆ. ಗೇಟ್‌ವೇ ಕಟ್ಟಡದ ನಕ್ಷೆ ಮಾಡಿದ ಜಾರ್ಜ್ ವಿಟೆಟ್‌ನೇ ಇದರದ್ದೂ ಮಾಡಿದ್ದು. ಒಳಗೆ ಐಹೊಳೆಯಿಂದ ಬಂದ ಶಿಲ್ಪಗಳಿವೆ. ಅಪ್ಪ ಅವುಗಳ ಮುಂದೆ ಅರ್ಧ ಗಂಟೆ ನಿಂತರು, ಬೆಳಗಿನದೆಲ್ಲ ಮರೆತೇಬಿಟ್ಟರು. ಅವ್ವ ಮಾತ್ರ ಊರಿಗೆ ಬಂದ ಮೇಲೂ "ಆ ಹುಡುಗ ಕನ್ನಡದಾಂವನ ಇರಬೇಕು, ಅಂವಗೂ ಯಾರೋ ಸುಳ್ಳು ಹೇಳ್ಯಾರ" ಅಂತಲೇ ಇದ್ದಾಳೆ.