ಹಾಸನ, ಚಿಕ್ಕಮಗಳೂರಿನ ಇವಿ ಸರ್ವಿಸ್: ವಾರಂಟಿ ಬುಕ್ಕಿನಲ್ಲಿ ಬರೆಯದ ನಿಯಮಗಳು

ಹಾಸನ, ಚಿಕ್ಕಮಗಳೂರು ಎರಡೂ ಕಡೆಯ ಇವಿ (ಎಲೆಕ್ಟ್ರಿಕ್ ಕಾರು) ಸರ್ವಿಸ್‌ಗೆ ಒಟ್ಟಾಗಿ ಒಂದೇ ಅಂಕ ಕೊಡಲು ಬರುವುದಿಲ್ಲ. ಮಾಮೂಲಿ ಸರ್ವಿಸ್‌ಗೆ ಐದಕ್ಕೆ ನಾಲ್ಕು ಧಾರಾಳವಾಗಿ ಕೊಡಬಹುದು. ಎಸಿ ಫಿಲ್ಟರ್, ಬ್ರೇಕ್ ಕ್ಲೀನಿಂಗ್, ಕೂಲಂಟ್ ಮಟ್ಟ, ಸಾಫ್ಟ್‌ವೇರ್ ಅಪ್‌ಡೇಟ್, ವಾಷಿಂಗ್, ಇಷ್ಟಕ್ಕೆ ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಯೊಳಗೆ ಕೈಗೆ ಬರುತ್ತದೆ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಬಿಚ್ಚುವ ಕೆಲಸ ಬಂತೆಂದರೆ ಅಂಕ ಎರಡಕ್ಕೆ ಇಳಿಯುತ್ತದೆ. ಬ್ಯಾಟರಿ ಪ್ಯಾಕ್ ಇಳಿಸುವ ಟೇಬಲ್ ಲಿಫ್ಟ್, ಹೈ ವೋಲ್ಟೇಜ್ ತರಬೇತಿ ಪಡೆದ ಟೆಕ್ನಿಷಿಯನ್, ಕರೆಂಟ್ ಸೋರಿಕೆ ಪತ್ತೆಹಚ್ಚುವ ಇನ್ಸುಲೇಷನ್ ಟೆಸ್ಟರ್ ಮೂರೂ ಎಲ್ಲ ಸೆಂಟರ್‌ನಲ್ಲಿ ಒಟ್ಟಿಗೆ ಇರುವುದಿಲ್ಲ. ಹಾಗಾಗಿ ಗಾಡಿ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು, ಇಲ್ಲವೇ ಅಲ್ಲಿಂದ ಎಂಜಿನಿಯರ್ ಬರುವವರೆಗೆ ಇಲ್ಲೇ ಕಾಯಬೇಕು. ಇನ್ನು ಆಗಿದ್ದೇನು ಎಂದು ಕಾಗದದಲ್ಲಿ ಬರೆದುಕೊಡುವ ವಿಷಯದಲ್ಲಿ ಒಂದೂವರೆ ಅಂಕ ಕೊಟ್ಟರೂ ಹೆಚ್ಚೇ. ಮಾಲೀಕರು ಸೋಲುವುದು ಹೆಚ್ಚಾಗಿ ಈ ಮೂರನೆಯದರಲ್ಲಿ.

ವಾರಂಟಿಯಲ್ಲಿ ರಿಪೇರಿ ಮಾಡಿದ ಖರ್ಚನ್ನು ಡೀಲರ್ ಮೊದಲು ತಾನೇ ಹಾಕಿಕೊಂಡು, ಆಮೇಲೆ ಕಂಪನಿಗೆ ಕ್ಲೈಮ್ ಕಳಿಸುತ್ತಾನೆ. ಫೋಟೋ, ಫಾಲ್ಟ್ ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ), ಸರ್ವಿಸ್ ಹಿಸ್ಟರಿ ನೋಡಿ ಕಂಪನಿ ದುಡ್ಡು ಕೊಡುತ್ತದೆ, ಅಥವಾ ತಿರಸ್ಕರಿಸುತ್ತದೆ. ತಿರಸ್ಕರಿಸಿದರೆ ಹೊರೆ ಡೀಲರ್ ತಲೆಗೆ. ದುಬಾರಿ ಪಾರ್ಟ್ ಆದರೆ ಮುಂಚಿತವಾಗಿಯೇ ಕಂಪನಿಯ ಅನುಮತಿ ಬೇಕು. ಕೌಂಟರ್‌ನಲ್ಲಿರುವ ಅಡ್ವೈಸರ್ ಹಿಂದೆ ಮುಂದೆ ನೋಡುವುದು ಈ ಕಾರಣಕ್ಕೆ. ಅವರ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಕ್ಲೈಮ್ ಪಾಸಾಗುವಂಥ ದಾಖಲೆಯನ್ನು ಅವರ ಕೈಗೆ ಕೊಟ್ಟರೆ ಅವರೇ ನಿಮ್ಮ ಪರ ವಾದಿಸುತ್ತಾರೆ.

ಬುಕ್ಕಿನಲ್ಲಿ ಬರೆದಿರುವುದನ್ನೂ ಸರಿಯಾಗಿ ಓದಬೇಕು. ಟಿಯಾಗೋ ಇವಿ ಬ್ಯಾಟರಿ, ಮೋಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ಇದೆ. ನೆಕ್ಸಾನ್ ಇವಿ 45, ಕರ್ವ್ ಇವಿಗಳಿಗೆ ಟಾಟಾ 2025ರಲ್ಲಿ ಘೋಷಿಸಿದ ‘ಲೈಫ್‌ಟೈಮ್’ ವಾರಂಟಿಯ ಅವಧಿ ಮೊದಲ ನೋಂದಣಿಯಿಂದ 15 ವರ್ಷ. ಮಹೀಂದ್ರ ಬಿಇ 6, ಎಕ್ಸ್‌ಇವಿ 9ಇ ಬ್ಯಾಟರಿಯ ಲೈಫ್‌ಟೈಮ್ ವಾರಂಟಿ ಮೊದಲ ಖಾಸಗಿ ಮಾಲೀಕರಿಗೆ ಮಾತ್ರ. ಆರ್‌ಸಿ ಬೇರೆಯವರ ಹೆಸರಿಗೆ ಹೋದರೆ 10 ವರ್ಷ ಅಥವಾ 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಎಂಜಿ ವಿಂಡ್ಸರ್‌ನ ಲೈಫ್‌ಟೈಮ್ ಕೂಡ ಮೊದಲ ಮಾಲೀಕರಿಗೇ. ಮನೆಯೊಳಗೇ ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಆರ್‌ಸಿ ಬದಲಾಯಿಸುವವರು ಮೊದಲು ಇದನ್ನು ಕಂಪನಿಯಿಂದ ಇಮೇಲ್‌ನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಹೋಂಸ್ಟೇ ನಡೆಸುವವರಿಗೆ ಇನ್ನೂ ಒಂದು ಮಾತು: ವೈಟ್ ಬೋರ್ಡ್ ಕಾರಿನಲ್ಲಿ ಬಾಡಿಗೆಗೆ ಗೆಸ್ಟ್‌ಗಳನ್ನು ಕಡೂರು ಸ್ಟೇಷನ್ನಿನಿಂದ ಕರೆತರುವುದು, ಮುಳ್ಳಯ್ಯನಗಿರಿಗೆ ಬಿಟ್ಟುಬರುವುದು ಪರ್ಮಿಟ್ ಪ್ರಕಾರವೂ ತಪ್ಪು, ಖಾಸಗಿ ಬಳಕೆಯ ವಾರಂಟಿಗೂ ಕುತ್ತು. ಕನೆಕ್ಟೆಡ್ ಕಾರುಗಳ ಓಡಾಟ, ಫಾಸ್ಟ್ ಚಾರ್ಜ್ ಲೆಕ್ಕ ಕಂಪನಿಯ ಸರ್ವರ್‌ನಲ್ಲಿ ಇದ್ದೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ಸೆಂಟರಿನವರು ದೂರು ಬರೆದುಕೊಳ್ಳುವ ಕಾಗದ. “ಗಾಡಿ ಚೆಕ್ ಮಾಡಿ” ಎಂದು ಬರೆಸಿ ಸಹಿ ಹಾಕಿದರೆ ದೂರು ದಾಖಲಾದಂತೆಯೇ ಅಲ್ಲ. ಯಾವ ವಾರ್ನಿಂಗ್ ಬಂತು, ಓಡೋಮೀಟರ್ ಎಷ್ಟಿತ್ತು, ಚಾರ್ಜ್ ಶೇಕಡ ಎಷ್ಟಿತ್ತು, ಮಳೆ ಇತ್ತೇ, ಚಾರ್ಜಿಂಗ್‌ನಲ್ಲಿತ್ತೇ ಓಡುತ್ತಿತ್ತೇ, ಇಷ್ಟನ್ನೂ ನಿಮ್ಮ ಮಾತಿನಲ್ಲಿ ಬರೆಸಿ. ವಾರ್ನಿಂಗ್ ಬಂದ ಕ್ಷಣದಲ್ಲೇ ಮೀಟರ್ ಪೂರ್ತಿ ಕಾಣುವಂತೆ ವಿಡಿಯೋ ತೆಗೆದು ಅಡ್ವೈಸರ್‌ಗೆ ವಾಟ್ಸಾಪ್ ಮಾಡಿ. ದಿನಾಂಕ, ಸಮಯ ಅಲ್ಲೇ ದಾಖಲಾಗುತ್ತದೆ. ವಾರ್ನಿಂಗ್ ಹೋಗಲೆಂದು ಮನೆಯಲ್ಲೇ 12 ವೋಲ್ಟ್ ಬ್ಯಾಟರಿಯ ಟರ್ಮಿನಲ್ ಕಳಚಬೇಡಿ, ಕೆಲವು ಕೋಡ್ ಅಳಿಸಿಹೋಗುತ್ತವೆ. “ಸರ್, ಡಯಾಗ್ನೋಸಿಸ್‌ನಲ್ಲಿ ಏನೂ ತೋರಿಸ್ತಿಲ್ಲ, ಗಾಡಿ ನಾರ್ಮಲ್ ಇದೆ” ಎಂದರೆ ಆ ವಾಕ್ಯವನ್ನೇ ಬಿಲ್ಲಿನಲ್ಲಿ ಬರೆದುಕೊಡಲು ಕೇಳಿ. ಒಂದೇ ತೊಂದರೆ ವಾರಂಟಿ ಇರುವಾಗ ಶುರುವಾಗಿ ಮುಗಿದ ಮೇಲೂ ಮುಂದುವರಿದರೆ, ಈ ಹಳೆಯ ಜಾಬ್ ಕಾರ್ಡ್‌ಗಳೇ ನಿಮ್ಮ ಆಧಾರ.

ನಮ್ಮ ಕಡೆ ವಾರಂಟಿ ತಿರಸ್ಕಾರಕ್ಕೆ ಹೆಚ್ಚು ಅವಕಾಶ ಕೊಡುವುದು ಕಾರಿನ ಹೊಟ್ಟೆ. ತೋಟದ ರಸ್ತೆಯ ನಡುವಿನ ದಿಬ್ಬ, ಮಳೆಗೆ ಕೊರೆದುಹೋದ ಚರಂಡಿ, ಎದ್ದು ನಿಂತ ಕಲ್ಲು, ಇವೆಲ್ಲ ನೇರ ಬ್ಯಾಟರಿ ಟ್ರೇಗೆ (ಕಾರಿನ ಅಡಿಯಲ್ಲಿ ಬ್ಯಾಟರಿ ಕೂತಿರುವ ಪೆಟ್ಟಿಗೆ) ಬಡಿಯುತ್ತವೆ. ಟ್ರೇಯಲ್ಲಿ ಒಂದು ನೆಗ್ಗು ಕಂಡರೆ ಸಾಕು, ಒಳಗಿನ ಸೆಲ್ ತನ್ನಷ್ಟಕ್ಕೆ ಕೆಟ್ಟಿದ್ದರೂ ‘ಹೊರಗಿನ ಪೆಟ್ಟು’ ಎಂದು ಬರೆದು ಇನ್ಶೂರೆನ್ಸ್ ಕಡೆಗೆ ತಳ್ಳಲು ದಾರಿಯಾಗುತ್ತದೆ. ಡೆಲಿವರಿ ದಿನವೇ, ಆಮೇಲೆ ಪ್ರತಿ ಸರ್ವಿಸ್‌ನಲ್ಲೂ ಗಾಡಿ ರ‍್ಯಾಂಪಿನ ಮೇಲಿರುವಾಗ ಟ್ರೇಯ ನಾಲ್ಕು ಮೂಲೆ, ಮುಂಭಾಗದ ಕೂಲಂಟ್ ಪೈಪ್, ಕನೆಕ್ಟರ್‌ಗಳ ಫೋಟೋ ತೆಗೆದಿಡಿ. ಬರೀ ಗೀರು ಬೇರೆ, ಲೋಹ ಒಳಕ್ಕೆ ಹೋದ ನೆಗ್ಗು ಬೇರೆ. ಗೀರು ಇದ್ದರೆ “ಗೀರು ಮಾತ್ರ, ನೆಗ್ಗಿಲ್ಲ” ಎಂದು ಜಾಬ್ ಕಾರ್ಡಿಗೆ ಸೇರಿಸಿ. ರಕ್ಷಣೆಗೆಂದು ಹೊರಗೆ ಸ್ಕಿಡ್ ಪ್ಲೇಟ್ ಹಾಕಿಸುವವರು ಚಾಸಿಗೆ ಹೊಸ ತೂತು ಹೊಡೆಸಬಾರದು. ಕಂಪನಿ ಕೊಟ್ಟ ಬೋಲ್ಟ್ ಪಾಯಿಂಟ್‌ಗೆ ಕೂರುವ ಪ್ಲೇಟ್ ಇದ್ದರೆ ಮಾತ್ರ ಯೋಚಿಸಿ.

ಎರಡನೆಯದು ನೀರು. ಬ್ಯಾಟರಿಯ ನೀರು ತಡೆಯುವ ರೇಟಿಂಗ್ ಐಪಿ67 ಎಂದರೆ 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದಷ್ಟೇ ಅರ್ಥ. ಹೈ ಪ್ರೆಷರ್ ಜೆಟ್‌ಗೆ ಬೇರೆಯದೇ ರೇಟಿಂಗ್ ಇದೆ, ಅದನ್ನು ಇದು ಒಳಗೊಳ್ಳುವುದಿಲ್ಲ. ವಾಟರ್ ಸರ್ವಿಸ್‌ನಲ್ಲಿ ಕೆಂಪು ಮಣ್ಣು ತೆಗೆಯಲು ಹುಡುಗರು ನಳಿಕೆಯನ್ನು ಕಿತ್ತಳೆ ಕೇಬಲ್ಲಿನ ಕನೆಕ್ಟರ್‌ಗೆ ಒಂದು ಗೇಣು ದೂರದಲ್ಲಿ ಹಿಡಿಯುತ್ತಾರೆ. ಸೀಲ್ ದಾಟಿ ಒಳಗೆ ಹೋದ ತೇವ ವಾರಗಟ್ಟಲೆ ಅಲ್ಲೇ ಕೂರುತ್ತದೆ. ಆಮೇಲೆ ಬರುವುದೇ ಇನ್ಸುಲೇಷನ್ ಫಾಲ್ಟ್, ಅಂದರೆ ಹೈ ವೋಲ್ಟೇಜ್ ಕರೆಂಟ್ ಕಾರಿನ ಬಾಡಿಗೆ ಸೋರುವ ದೋಷ: ಮಳೆ ಬಂದ ಮರುದಿನ ಬೆಳಿಗ್ಗೆ ಗಾಡಿ ಚಾರ್ಜ್ ತೆಗೆದುಕೊಳ್ಳುವುದಿಲ್ಲ, ಮಧ್ಯಾಹ್ನ ಬಿಸಿಲಿಗೆ ಸರಿಹೋಗುತ್ತದೆ. ಇಂಥ ಗಾಡಿಯನ್ನು ಸೆಂಟರ್‌ನವರು ಶೆಡ್ಡಿನಲ್ಲಿ ಎರಡು ದಿನ ಒಣಗಿಸಿ “ಏನೂ ಇಲ್ಲ” ಎಂದು ವಾಪಸ್ ಕೊಡುತ್ತಾರೆ. ರಾತ್ರಿ ಹೊರಗೇ ನಿಲ್ಲಿಸಿ, ಬೆಳಿಗ್ಗೆ ಮೊದಲ ಕೆಲಸವಾಗಿ ಅಳೆಯಲು ಹೇಳಿ. ಮಾನದಂಡದ ಕನಿಷ್ಠ ಮಿತಿ ಡಿಸಿ (ನೇರ ವಿದ್ಯುತ್) ಭಾಗಕ್ಕೆ ವೋಲ್ಟಿಗೆ 100 ಓಮ್, ಎಸಿ (ಪರ್ಯಾಯ ವಿದ್ಯುತ್) ಭಾಗಕ್ಕೆ 500 ಓಮ್. 350 ವೋಲ್ಟಿನ ಪ್ಯಾಕ್‌ಗೆ ಡಿಸಿ ಲೆಕ್ಕದಲ್ಲಿ 35 ಕಿಲೋಓಮ್. ಬಂದ ಅಂಕಿಯನ್ನು ಬರೆಸಿ. ಸರಿಯಾದ ಕ್ರಮವೆಂದರೆ ಏರ್ ಕಂಡೀಷನರ್ (ಎಸಿ) ಕಂಪ್ರೆಸರ್, ಹೀಟರ್, ಕಾರಿನೊಳಗೇ ಇರುವ ಆನ್‌ಬೋರ್ಡ್ ಚಾರ್ಜರ್, ಮೋಟರ್ ಒಂದೊಂದನ್ನೇ ಬೇರ್ಪಡಿಸಿ ಅಳೆಯುವುದು. ಅದನ್ನು ಮಾಡದೆ “ಬ್ಯಾಟರಿಯಲ್ಲೇ ಪ್ರಾಬ್ಲಂ” ಎಂದರೆ ಒಪ್ಪಬೇಡಿ.

ಕಂಪ್ರೆಸರ್ ಮಾತು ಬಂದಿದ್ದರಿಂದ ಇದನ್ನು ಒತ್ತಿ ಹೇಳಲೇಬೇಕು. ಇವಿಯ ಎಸಿ ಕಂಪ್ರೆಸರ್ ಹೈ ವೋಲ್ಟೇಜ್‌ನಲ್ಲಿ ಓಡುತ್ತದೆ. ಅದರೊಳಗಿನ ಎಣ್ಣೆ ಕರೆಂಟ್ ಹರಿಯಗೊಡದ ಪಿಒಇ ಜಾತಿಯದು. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಸಾಮಾನ್ಯವಾಗಿ ಬಳಸುವುದು ಪಿಎಜಿ. ಹೊರಗಿನ ಎಸಿ ಅಂಗಡಿಯಲ್ಲಿ ಅದೇ ಮೆಷಿನ್, ಅದೇ ಪೈಪಿನಿಂದ ಗ್ಯಾಸ್ ತುಂಬಿಸಿದರೆ ಸ್ವಲ್ಪ ಪಿಎಜಿ ಸೇರಿದರೂ ಇನ್ಸುಲೇಷನ್ ಬೀಳುತ್ತದೆ, ಕಂಪ್ರೆಸರ್ ಹಾಳಾಗುತ್ತದೆ. ಆ ಕ್ಲೈಮ್ ಯಾವ ಕಂಪನಿಯೂ ಪಾಸು ಮಾಡುವುದಿಲ್ಲ, ಮಾಡಬೇಕೆಂದು ಕೇಳುವುದೂ ನ್ಯಾಯವಲ್ಲ. ಗ್ಯಾಸ್ ಅಧಿಕೃತ ಸೆಂಟರ್‌ನಲ್ಲೇ ತುಂಬಿಸಿ, ಅಲ್ಲೂ ಯಾವ ಎಣ್ಣೆ ಎಂದು ಕೇಳಿ.

ಮನೆಯ ಚಾರ್ಜಿಂಗ್ ತಕರಾರಿನಲ್ಲಿ ಸೆಂಟರ್‌ನವರು ಮೊದಲು ಬೊಟ್ಟು ಮಾಡುವುದು ಅರ್ಥಿಂಗ್ ಕಡೆಗೆ. ವಿದ್ಯುತ್ ಪೂರೈಕೆಯಲ್ಲಿ ಹಾಸನ ಜಿಲ್ಲೆ ಸೆಸ್ಕ್‌ಗೆ ಸೇರಿದ್ದು, ಚಿಕ್ಕಮಗಳೂರು ಮೆಸ್ಕಾಂಗೆ. ಲೈನ್ ಯಾರದ್ದಾದರೂ, ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ತೋಟದ ಮನೆಯ ಪಾಡು ಒಂದೇ. ಸಂಜೆ ಐಪಿ ಸೆಟ್ (ನೀರಾವರಿ ಪಂಪ್) ಓಡುವಾಗ 230 ವೋಲ್ಟ್ ಬರಬೇಕಾದಲ್ಲಿ 180ಕ್ಕೆ ಇಳಿದರೆ ಚಾರ್ಜರ್ ತಾನೇ ನಿಲ್ಲುತ್ತದೆ, ಅದು ಚಾರ್ಜರ್‌ನ ದೋಷವಲ್ಲ. ಕಾರಿನ ಸೆಟ್ಟಿಂಗ್‌ನಲ್ಲಿ ಆಂಪಿಯರ್ ಇಳಿಸಿ, ರಾತ್ರಿ 11ರ ಮೇಲೆ ಹಾಕಿ ನೋಡಿ. 7.2 ಕಿಲೋವ್ಯಾಟ್ ಚಾರ್ಜರ್‌ಗೆ 6 ಚದರ ಮಿಲಿಮೀಟರ್ ತಾಮ್ರದ ವೈರ್, 40 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಮನೆಯದ್ದಕ್ಕೆ ಸೇರದ ಪ್ರತ್ಯೇಕ ಅರ್ಥ್ ಪಿಟ್ ಇರಲಿ. ಅರ್ಥ್ ರೆಸಿಸ್ಟೆನ್ಸ್ 5 ಓಮ್ ಒಳಗೆ, ಲೋಡ್ ಇರುವಾಗ ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟ್ ಮೀರದಂತೆ ಇರಬೇಕು. ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಕೈಕೊಡುತ್ತದೆ. ಜೂನ್‌ನಲ್ಲಿ ಅಳೆದು ಸುಮ್ಮನಾಗದೆ ಮಾರ್ಚ್–ಏಪ್ರಿಲ್‌ನಲ್ಲಿ ಅಳೆಸಿ, ಪಿಟ್‌ಗೆ ನೀರು ಹಾಕಿ, ಎಲೆಕ್ಟ್ರಿಷಿಯನ್ ಸಹಿ ಇರುವ ಚೀಟಿ ಇಟ್ಟುಕೊಳ್ಳಿ. ಆನ್‌ಬೋರ್ಡ್ ಚಾರ್ಜರ್ ಕ್ಲೈಮ್‌ಗೆ ಆ ಚೀಟಿಯೇ ಉತ್ತರ.

ಇಲಿ ಕಡಿದದ್ದು ವಾರಂಟಿಯಲ್ಲ, ಎಲ್ಲೂ ಅಲ್ಲ. ಹೈ ವೋಲ್ಟೇಜ್ ಕೇಬಲ್ಲಿಗೆ ಜಾಯಿಂಟ್ ಹಾಕುವಂತಿಲ್ಲ, ಇಡೀ ಕೇಬಲ್ ಬದಲಾಯಿಸಬೇಕು. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸುವವರು ಇನ್ಶೂರೆನ್ಸ್ ಏಜೆಂಟ್ ಹತ್ತಿರ ಇದು ಕವರ್ ಆಗುತ್ತದೆಯೇ ಎಂದು ಪಾಲಿಸಿ ಮಾಡಿಸುವಾಗಲೇ ಕೇಳಿ.

ಎರಡು ಮೂರು ವಾರ ನಿಂತ ಗಾಡಿ ಪೂರ್ತಿ ಸತ್ತಂತಿದ್ದರೆ ದೊಡ್ಡ ಬ್ಯಾಟರಿಯನ್ನು ಅನುಮಾನಿಸುವ ಮೊದಲು 12 ವೋಲ್ಟ್ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಲೆಡ್ ಆಸಿಡ್ ಆದರೆ 12.6 ಇದ್ದರೆ ತುಂಬಿದೆ, 11.8ಕ್ಕಿಂತ ಕೆಳಗೆ ಖಾಲಿ. ಖಾಲಿಯಾಗಿದ್ದರೆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್, ಅಂದರೆ ಕಾಂಟಾಕ್ಟರ್, ಕೂರುವುದೇ ಇಲ್ಲ. ಈ ಬ್ಯಾಟರಿಯ ವಾರಂಟಿ ಅದನ್ನು ತಯಾರಿಸಿದ ಕಂಪನಿಯದು, 8 ವರ್ಷದ ಮಾತು ಅದಕ್ಕಿಲ್ಲ.

ಘಾಟಿಯಲ್ಲಿ ನಿಂತರೆ ಫ್ಲಾಟ್‌ಬೆಡ್ ಎಂದೇ ಕೇಳಿ. ಚಾಲನೆಯ ಚಕ್ರ ನೆಲದಲ್ಲಿ ಉರುಳಿದರೆ ಮೋಟರ್ ಕರೆಂಟ್ ಉತ್ಪಾದಿಸುತ್ತದೆ, ಅದರಿಂದ ಆದ ಹಾನಿ ನಿಮ್ಮ ಲೆಕ್ಕಕ್ಕೆ. ರೋಡ್‌ಸೈಡ್ ಅಸಿಸ್ಟೆನ್ಸ್‌ನವರು ಸಾಮಾನ್ಯವಾಗಿ ‘ಹತ್ತಿರದ ಸೆಂಟರ್’ಗೆ ಬಿಡುತ್ತಾರೆ. ಕೊಟ್ಟಿಗೆಹಾರದಲ್ಲೋ ಸಕಲೇಶಪುರದ ಕೆಳಗೋ ನಿಂತ ಗಾಡಿಯನ್ನು ಹೈ ವೋಲ್ಟೇಜ್ ಕೆಲಸ ಮಾಡದ ಸೆಂಟರ್‌ಗೆ ಇಳಿಸಿದರೆ, ಅಲ್ಲಿಂದ ಮುಂದಿನ ಟೋಯಿಂಗ್ ಯಾರ ಖರ್ಚು ಎಂಬ ಜಗಳ ಶುರು. ಹತ್ತಿಸುವ ಮೊದಲೇ ಆ ಸೆಂಟರ್‌ಗೆ ಫೋನ್ ಮಾಡಿ ಬ್ಯಾಟರಿ ಇಳಿಸುತ್ತೀರಾ ಎಂದು ಕೇಳಿ, ಇಲ್ಲವೆಂದರೆ ಮಾಡುವ ಸೆಂಟರ್‌ಗೇ ಕಳಿಸಲು ಹಠ ಹಿಡಿಯಿರಿ. ಹಾಗೆಯೇ, ಪೂರ್ತಿ 100 ಚಾರ್ಜ್ ಮಾಡಿಕೊಂಡು ಶಿರಾಡಿ ಇಳಿಯುವಾಗ ರೀಜೆನ್ (ಮೋಟರೇ ವೇಗ ತಗ್ಗಿಸಿ ಬ್ಯಾಟರಿಗೆ ಚಾರ್ಜ್ ತುಂಬುವುದು) ಸಿಗದಿರುವುದು ದೋಷವಲ್ಲ. ತುಂಬಿದ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಸಕಲೇಶಪುರದ ಕಡೆಯಿಂದ ಹೊರಡುವವರು 85ರ ಸುತ್ತ ನಿಲ್ಲಿಸಿದರೆ ಬ್ರೇಕ್ ಉಳಿಯುತ್ತದೆ.

ಬ್ಯಾಟರಿ ಸವೆತಕ್ಕೆ ಬರೋಣ. ರೇಂಜ್ ಕಮ್ಮಿಯಾಯಿತು ಎಂಬ ದೂರಿಗೆ ಬೆಲೆ ಇಲ್ಲ, ಬ್ಯಾಟರಿಯಲ್ಲಿ ಉಳಿದಿರುವ ಸಾಮರ್ಥ್ಯ ಹೇಳುವ ಎಸ್‌ಒಎಚ್ ಎಂಬ ಶೇಕಡಾ ಅಂಕಿಗೆ ಬೆಲೆ. ಪ್ರತಿ ವರ್ಷದ ಬಿಲ್ಲಿನಲ್ಲಿ ಅದನ್ನು ಬರೆಸಿ. ಜೊತೆಗೆ ಅತಿ ಹೆಚ್ಚು, ಅತಿ ಕಡಿಮೆ ಸೆಲ್ ವೋಲ್ಟೇಜನ್ನೂ. ಮನೆಯಲ್ಲೇ ಅಂದಾಜು ಮಾಡಬಹುದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಆದರೆ ಮೊದಲು ಒಮ್ಮೆ ಸ್ಲೋ ಚಾರ್ಜ್‌ನಲ್ಲಿ 100 ಮುಟ್ಟಿಸಿ, ಚಾರ್ಜಿಂಗ್ ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೆ 10ಕ್ಕೆ ಇಳಿಸಿ, ಮತ್ತೆ ಸ್ಲೋ ಚಾರ್ಜ್‌ನಲ್ಲಿ 100ಕ್ಕೆ ತಂದು ಪ್ರತ್ಯೇಕ ಮೀಟರಿನಲ್ಲಿ ಯೂನಿಟ್ ನೋಡಿ. ಚಾರ್ಜಿಂಗ್ ನಷ್ಟ ಸುಮಾರು ಶೇ 12 ಎಂದಿಟ್ಟುಕೊಂಡರೆ, 30 ಯೂನಿಟ್ ಬಳಕೆಗೆ ಸಿಗುವ ಹೊಸ ಬ್ಯಾಟರಿ 10ರಿಂದ 100ಕ್ಕೆ ಬೇಕಾದ 27 ಯೂನಿಟ್ ತುಂಬಲು ಮೀಟರಿನಲ್ಲಿ 30.7 ಎಳೆಯಬೇಕು. 24 ಮಾತ್ರ ಎಳೆದರೆ ಸಾಮರ್ಥ್ಯ ಶೇ 78ರ ಹತ್ತಿರ. ಎಷ್ಟಕ್ಕೆ ಇಳಿದರೆ ವಾರಂಟಿ ಎಂಬುದು ನಿಮ್ಮ ಬುಕ್ಕಿನಲ್ಲಿದೆ. ಬಹಳಷ್ಟು ಕಂಪನಿಗಳಲ್ಲಿ ಅದು 70. ಚಾರ್ಜ್ 20ರಿಂದ ಒಮ್ಮೆಗೇ 5ಕ್ಕೆ ಜಿಗಿದರೆ ಅದು ಸವೆತದ ವಿಷಯವಲ್ಲ, ದುರ್ಬಲ ಸೆಲ್ ಅಥವಾ ಲೆಕ್ಕ ತಪ್ಪಿದ ಬಿಎಂಎಸ್ (ಬ್ಯಾಟರಿಯನ್ನು ನಿಯಂತ್ರಿಸುವ ಕಂಪ್ಯೂಟರ್). ಅದಕ್ಕೆ 70ರವರೆಗೆ ಕಾಯಬೇಕಿಲ್ಲ, ದೋಷವೆಂದೇ ಬರೆಸಿ. ಬದಲಿ ಪ್ಯಾಕ್ ಸಿಕ್ಕರೆ ಅದರ ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ. ಸಾಮಾನ್ಯವಾಗಿ ವಾರಂಟಿ ಹೊಸದಾಗಿ ಶುರುವಾಗುವುದಿಲ್ಲ, ಉಳಿದ ಅವಧಿಯೇ ಮುಂದುವರಿಯುತ್ತದೆ.

ಅವಧಿ ಮುಗಿದ ಕೆಲವೇ ತಿಂಗಳಲ್ಲಿ ಪಾರ್ಟ್ ಕೆಟ್ಟರೆ ‘ಗುಡ್‌ವಿಲ್’ ಕೇಳಬಹುದು. ಪಾರ್ಟ್ ಕಂಪನಿಯದು ಲೇಬರ್ ನಿಮ್ಮದು ಎಂದೋ ಅರ್ಧರ್ಧ ಎಂದೋ ಒಪ್ಪುವುದುಂಟು. ಕೌಂಟರ್‌ನಲ್ಲಿ ಬಾಯಿಮಾತಿಗೆ ಬಿಡದೆ ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದು ಕೇಳಿ. ಒಂದೇ ಒಂದು ಸರ್ವಿಸ್ ತಪ್ಪಿದ್ದರೂ ಅದು ಕೈಗೂಡುವುದು ಕಷ್ಟ. ಕಿಲೋಮೀಟರ್ ಓಡದಿದ್ದರೂ ವರ್ಷ ತುಂಬಿದಾಗ ಹೋಗಲೇಬೇಕು.

ಬರೆದದ್ದಕ್ಕೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ಸರಿ. 50 ಲಕ್ಷದವರೆಗಿನ ಕಾರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಡೀಲರ್, ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಹಾಕಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಮೇಲೆ ಹೇಳುತ್ತಾ ಕೂರುತ್ತಾರೆ. ಜಾಬ್ ಕಾರ್ಡ್, ಬಿಲ್, ಟ್ರೇಯ ಫೋಟೋ, ಅರ್ಥಿಂಗ್ ಚೀಟಿ, ವಾರ್ನಿಂಗ್‌ನ ವಿಡಿಯೋ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ದೂರಿನ ಜೊತೆ ಲಗತ್ತಿಸಿ.