ಸಿ ಕೋಡ್‌ನಿಂದ ಎಫ್‌ಪಿಜಿಎಗೆ: ವೈಟಿಸ್, ಬಾಂಬು, ಡೈನಮ್ಯಾಟಿಕ್

ಸಿ ಕೋಡನ್ನು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಬಹುದಾದ ಚಿಪ್) ಸರ್ಕ್ಯೂಟ್ ಮಾಡಿಕೊಡುವ ಎಚ್‌ಎಲ್‌ಎಸ್ (ಹೈ-ಲೆವೆಲ್ ಸಿಂಥೆಸಿಸ್) ಟೂಲ್ ಆರಿಸುವಾಗ ಮೊದಲು ನೋಡಬೇಕಾದದ್ದು ನಿಮ್ಮ ಲೂಪ್ ಮೆಮೊರಿಯನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು. ಇಲ್ಲಿ ಹೋಲಿಸಿರುವುದು ಎಎಂಡಿಯ ವೈಟಿಸ್ ಎಚ್‌ಎಲ್‌ಎಸ್, ಮಿಲಾನ್ ಪಾಲಿಟೆಕ್ನಿಕ್‌ನ ಬಾಂಬು, ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡೈನಮ್ಯಾಟಿಕ್. ಚಿಪ್ ಜಿಂಕ್-7020: 53,200 ಎಲ್‌ಯುಟಿ (ತರ್ಕದ ಚಿಕ್ಕ ಘಟಕ), 220 ಡಿಎಸ್‌ಪಿ (ಗುಣಾಕಾರದ ಘಟಕ). ಕೋಡ್ ಎರಡು: 32 ಟ್ಯಾಪ್‌ನ ಎಫ್‌ಐಆರ್ ಫಿಲ್ಟರ್ (ಕೊನೆಯ 32 ಸ್ಯಾಂಪಲ್‌ಗಳನ್ನು ಒಂದೊಂದು ಕೋಎಫಿಶಿಯಂಟ್‌ನಿಂದ ಗುಣಿಸಿ ಕೂಡುವುದು), 256 ಬಿನ್‌ನ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಯಾವ ಪಿಕ್ಸೆಲ್ ಮೌಲ್ಯ ಎಷ್ಟು ಸಲ ಬಂತೆಂಬ ಎಣಿಕೆ).

ಎಫ್‌ಐಆರ್‌ಗೆ ವೈಟಿಸ್ ಸಾಟಿಯಿಲ್ಲದ್ದು. ಆದರೆ ಪೈಪ್‌ಲೈನ್ ಪ್ರಾಗ್ಮಾ (ಒಂದು ಸುತ್ತು ಮುಗಿಯುವ ಮೊದಲೇ ಮುಂದಿನದನ್ನು ಶುರುಮಾಡು ಎಂದು ಟೂಲ್‌ಗೆ ಕೋಡ್‌ನಲ್ಲಿ ಕೊಡುವ ಸೂಚನೆ) ಒಂದನ್ನೇ ಬರೆದರೆ ಸಾಲದು. ಅರೇಗಳು ಕೂರುವ ಬ್ಲಾಕ್ ರ್ಯಾಮ್‌ಗೆ (ಚಿಪ್‌ನೊಳಗಿನ ಮೆಮೊರಿ) ಇರುವುದು ಎರಡೇ ಪೋರ್ಟ್. 32 ಮೌಲ್ಯ ಓದಲು ಕನಿಷ್ಠ 16 ಸೈಕಲ್ ಬೇಕು. ಶಿಫ್ಟ್ ರಿಜಿಸ್ಟರ್ ಮತ್ತು ಕೋಎಫಿಶಿಯಂಟ್ ಅರೇಗಳನ್ನು ಪೂರ್ತಿ ಪಾರ್ಟಿಶನ್ ಮಾಡಿದ (ಬಿಡಿ ರಿಜಿಸ್ಟರ್‌ಗಳಾಗಿ ಒಡೆದ) ಮೇಲೆ ಪ್ರತಿ ಸೈಕಲ್‌ಗೂ ಒಂದು ಸ್ಯಾಂಪಲ್ ಒಳಗೆ ಹೋಗುತ್ತದೆ. ಡೇಟಾ 16 ಬಿಟ್ ಆದರೆ ಗುಣಾಕಾರಕ್ಕೆ ಒಂದು ಡಿಎಸ್‌ಪಿ ಸಾಕು. ಯೋಚಿಸದೆ ಇಂಟ್ (32 ಬಿಟ್) ಎಂದು ಬರೆದರೆ ಸಾಮಾನ್ಯವಾಗಿ ಮೂರು ಬೇಕು. 32ರ ಬದಲು 96 ಡಿಎಸ್‌ಪಿ, ಅಂದರೆ ಚಿಪ್‌ನಲ್ಲಿರುವುದರ ಸುಮಾರು ಅರ್ಧ ಹೋಯಿತು!

ಹಿಸ್ಟೋಗ್ರಾಮ್‌ನಲ್ಲಿ ಕಥೆಯೇ ಬೇರೆ. ಒಂದೇ ಪಿಕ್ಸೆಲ್ ಮೌಲ್ಯ ಒಂದರ ಹಿಂದೊಂದು ಬಂದರೆ ಹಿಂದಿನ ಎಣಿಕೆ ಮೆಮೊರಿಗೆ ಬರೆದಾಗುವ ತನಕ ಮುಂದಿನದನ್ನು ಓದುವಂತಿಲ್ಲ. ವೈಟಿಸ್ ಶೆಡ್ಯೂಲನ್ನು ಕಂಪೈಲ್ ಹೊತ್ತಿಗೇ ನಿಗದಿಮಾಡುವುದರಿಂದ ಪ್ರತಿ ಸಲವೂ ಕೆಟ್ಟ ಸಂದರ್ಭವನ್ನೇ ಎಣಿಸಿಕೊಂಡು ನಿಧಾನವಾಗುತ್ತದೆ. ಡಿಪೆಂಡೆನ್ಸ್ ಪ್ರಾಗ್ಮಾದಲ್ಲಿ ‘ಅವಲಂಬನೆ ಇಲ್ಲ’ ಎಂದು ಬರೆದರೆ ವೇಗ ಸಿಗುತ್ತದೆ, ಉತ್ತರ ತಪ್ಪುತ್ತದೆ. ಅಪಾಯ ಏನೆಂದರೆ ಸಿ ಸಿಮ್ಯುಲೇಶನ್ ಆ ಪ್ರಾಗ್ಮಾವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪಾಸ್ ಅನ್ನುತ್ತದೆ. ಕೋ-ಸಿಮ್ಯುಲೇಶನ್ (ತಯಾರಾದ ಸರ್ಕ್ಯೂಟನ್ನೇ ಅದೇ ಟೆಸ್ಟ್‌ನಿಂದ ಪರೀಕ್ಷಿಸುವುದು) ಕೂಡ ಟೆಸ್ಟ್‌ಬೆಂಚ್‌ನಲ್ಲಿ ಒಂದೇ ಮೌಲ್ಯ ಸಾಲಾಗಿ ಬಂದರೆ ಮಾತ್ರ ತಪ್ಪನ್ನು ಹಿಡಿಯುತ್ತದೆ. ಹಾಗಾಗಿ ಪೂರ್ತಿ ಒಂದೇ ಬಣ್ಣದ ಚಿತ್ರವನ್ನು ಟೆಸ್ಟ್‌ಗೆ ಸೇರಿಸಲೇಬೇಕು. ಸರಿಯಾದ ದಾರಿ: ಹಿಂದಿನ ಮೌಲ್ಯ ಮತ್ತು ಅದರ ಎಣಿಕೆಯನ್ನು ರಿಜಿಸ್ಟರ್‌ನಲ್ಲಿ ಇಟ್ಟುಕೊಂಡು, ಮೌಲ್ಯ ಬದಲಾದಾಗ ಮಾತ್ರ ಮೆಮೊರಿಗೆ ಬರೆಯುವುದು. ಲೂಪ್ ಮುಗಿದ ಮೇಲೆ ಕೊನೆಯ ಎಣಿಕೆಯನ್ನು ಬರೆಯುವುದು ಮರೆಯಬಾರದು.

ಡೈನಮ್ಯಾಟಿಕ್‌ಗೆ ಈ ತಿದ್ದುಪಡಿ ಯಾವುದೂ ಬೇಡ. ಅದರ ಲೋಡ್-ಸ್ಟೋರ್ ಕ್ಯೂ (ಮೆಮೊರಿಯ ಓದು-ಬರಹಗಳ ಸರದಿ), ಸರ್ಕ್ಯೂಟ್ ಓಡುವಾಗಲೇ ವಿಳಾಸಗಳನ್ನು ಹೋಲಿಸಿ, ಘರ್ಷಣೆ ಇದ್ದರಷ್ಟೇ ತಡೆಯುತ್ತದೆ. ಅದಕ್ಕೆ ತೆರುವ ಬೆಲೆ ಎಲ್‌ಯುಟಿ ಮತ್ತು ಕ್ಲಾಕ್: ಕ್ಯೂ ದೊಡ್ಡದಾದಷ್ಟೂ ಎರಡೂ ಕೆಡುತ್ತವೆ. ಎಫ್‌ಐಆರ್‌ನಂಥ ಶಿಸ್ತಿನ ಲೂಪ್‌ಗೆ ಇದರ ಹ್ಯಾಂಡ್‌ಶೇಕ್ (ಡೇಟಾ ಸಿದ್ಧವೇ ಎಂದು ಘಟಕಗಳು ಪರಸ್ಪರ ತಿಳಿಸುವ) ತಂತಿಗಳೆಲ್ಲ ವ್ಯರ್ಥ ಹೊರೆ. ಬಫರ್ ಎಲ್ಲಿಡಬೇಕೆಂಬ ಲೆಕ್ಕಕ್ಕೆ ಗುರೋಬಿ ಎಂಬ ಗಣಿತದ ಸಾಲ್ವರ್ ಬಳಸುವುದಾದರೆ ಅದರ ಲೈಸೆನ್ಸ್ ಮೊದಲೇ ಹೊಂದಿಸಿಕೊಳ್ಳಿ.

ಬಾಂಬು ವೇಗಕ್ಕಲ್ಲ, ಸ್ವಾತಂತ್ರ್ಯಕ್ಕೆ. ಮುಕ್ತ ತಂತ್ರಾಂಶ, ಪಾಯಿಂಟರ್ ತುಂಬಿದ ಹಳೆಯ ಸಿ ಕೋಡನ್ನೂ ಹೆಚ್ಚು ತಕರಾರಿಲ್ಲದೆ ಒಪ್ಪುತ್ತದೆ, ಎಎಂಡಿ, ಇಂಟೆಲ್ (ಈಗ ಆಲ್ಟೆರಾ), ಲ್ಯಾಟಿಸ್ ಚಿಪ್‌ಗಳಿಗೆಲ್ಲ ಕೋಡ್ ಕೊಡುತ್ತದೆ. ಡಿವೈಸ್ ಹೆಸರು ಮತ್ತು ಕ್ಲಾಕ್ ಅವಧಿಯನ್ನು ಕಮಾಂಡ್‌ನಲ್ಲೇ ಹೇಳಿಬಿಡಿ. ಲೂಪ್ ಪೈಪ್‌ಲೈನಿಂಗ್‌ನಲ್ಲಿ ವೈಟಿಸ್ ಮಟ್ಟಕ್ಕೆ ಬರುವುದಿಲ್ಲ.

ಅಳೆಯುವಾಗ ಸೈಕಲ್ ಎಣಿಕೆ ಒಂದನ್ನೇ ನಂಬಬೇಡಿ. ಅದನ್ನು ಕ್ಲಾಕ್ ಅವಧಿಯಿಂದ ಗುಣಿಸಿ. ಎಚ್‌ಎಲ್‌ಎಸ್ ರಿಪೋರ್ಟ್‌ನ ಎಲ್‌ಯುಟಿ ಬರೀ ಅಂದಾಜು. ಮೂರೂ ಟೂಲ್‌ಗಳ ಔಟ್‌ಪುಟ್ಟನ್ನು ಒಂದೇ ವಿವಾಡೊ (ಎಎಂಡಿಯ ಚಿಪ್ ವಿನ್ಯಾಸ ತಂತ್ರಾಂಶ) ಆವೃತ್ತಿಯಲ್ಲಿ, ಒಂದೇ ಕ್ಲಾಕ್ ಮಿತಿ ಕೊಟ್ಟು, ಪ್ಲೇಸ್ ಮತ್ತು ರೂಟ್ (ಘಟಕಗಳನ್ನು ಚಿಪ್ ಮೇಲೆ ಕೂರಿಸಿ ತಂತಿ ಜೋಡಿಸುವ ಹಂತ) ತನಕ ಓಡಿಸಿದ ಮೇಲಿನ ಅಂಕಿಗಳನ್ನಷ್ಟೇ ಅಕ್ಕಪಕ್ಕ ಇಡಿ.