‘ಮಳೆಗೆ ರೆಡಿ’ ಅಂತ ಮಾರುವ ಜೀಪ್ ತಗೊಳ್ಳುವ ಮುಂಚೆ ಬಾನೆಟ್ ಎತ್ತಿ ನೋಡಿ

ಏಪ್ರಿಲ್, ಮೇ ಬಂತು ಅಂದ್ರೆ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಮೋಡ ಏಳುತ್ತದೆ. ಭರಣಿ, ಕೃತ್ತಿಕಾ ಮಳೆಯ ಗುಡುಗು ಮೋಡ ನೋಡಲು, ಮಿಂಚಿನ ಫೋಟೋ ತೆಗೆಯಲು ಕುಂದಾದ್ರಿ, ಆಗುಂಬೆ, ಹೊಸನಗರ ತಾಲೂಕಿನ ನಗರದ ಕಡೆ ಗಾಡಿ ಹತ್ತುವವರು ನಮ್ಮಲ್ಲೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಬೇಡ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಅದಕ್ಕೆ ಅಂತ ಗಾಡಿ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಭಾವ ಶಿವಮೊಗ್ಗದ ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ ಹಳೇ ಡೀಸೆಲ್ ಜೀಪ್ ತಗೊಂಡರು. ಮಳೆಗೆ, ಕಾಡಿಗೆ ಪೂರ್ತಿ ರೆಡಿ ಮಾಡಿದ ಗಾಡಿ ಅಂತ ಹೇಳಿ ಮಾರಿದ್ದು. ಮೇಲೆ ಟರ್ಪಾಲಿನ ಟಾಪ್, ಅದರ ಮುಂದೆ ಉದ್ದದ ಎಲ್‌ಇಡಿ ಲೈಟ್ ಬಾರ್, ದಪ್ಪ ಗುಬ್ಬಿಯ (ಮೇಲ್ಮೈಯ ಉಬ್ಬು) ಮಡ್ ಟೈರ್, ಪಕ್ಕದಲ್ಲಿ ಗಾಜಿನ ಎತ್ತರಕ್ಕೆ ಬಂದ ಕರಿ ಸ್ನಾರ್ಕೆಲ್ ಪೈಪು, ಅಂದ್ರೆ ನೀರಿಗೆ ಇಳಿದಾಗ ಇಂಜಿನ್‌ಗೆ ಮೇಲಿನಿಂದ ಗಾಳಿ ಕೊಡಲು ಅಂತ ಹಾಕುವ ಪೈಪು. ಇಷ್ಟಕ್ಕೂ ಸೇರಿಸಿ ಒಳ್ಳೇ ಬೆಲೆಯನ್ನೇ ತಗೊಂಡ.

ಮೇ ತಿಂಗಳ ಒಂದು ಸಂಜೆ ಕುಂದಾದ್ರಿ ಹತ್ತಿದ್ದೆವು. ಗುಡುಗು ಹತ್ತಿರ ಬರುತ್ತಿದೆ ಅಂತ ಗೊತ್ತಾದ ಕೂಡಲೇ ಕ್ಯಾಮೆರಾ ಮಡಚಿ ಇಳಿಯಲು ಶುರು ಮಾಡಿದೆವು. ಅಷ್ಟರಲ್ಲಿ ಮಳೆ ಹಿಡಿಯಿತು. ಕತ್ತಲು, ಮಳೆ, ಕಡಿದಾದ ತಿರುವು. ಹೆಡ್‌ಲೈಟು, ಲೈಟ್ ಬಾರು, ವೈಪರ್ ಎಲ್ಲಾ ಚಾಲೂ ಇತ್ತು. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್ ಒಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ‘ಎಂತದೋ ಸುಡ್ತಾ ಉಂಟಲ್ಲ ಮಾರಾಯ’ ಅಂತ ಭಾವ ಹೇಳಿ ಮುಗಿಸುವ ಹೊತ್ತಿಗೆ ಎಲ್ಲಾ ಲೈಟು ಒಟ್ಟಿಗೆ ಹೋಯಿತು. ವೈಪರ್ ಗಾಜಿನ ಅರ್ಧಕ್ಕೆ ನಿಂತಿತು. ಭಾವ ಹೇಗೋ ಧರೆಯ ಬದಿಗೆ ತಂದು ನಿಲ್ಲಿಸಿದರು. ಸಿಡಿಲು ಎಷ್ಟು ಹತ್ತಿರ ಹೊಡೆಯುತ್ತಿತ್ತು ಅಂದ್ರೆ ಬೆಳಕಿಗೂ ಸದ್ದಿಗೂ ಮಧ್ಯೆ ಉಸಿರು ತಗೊಳ್ಳುವಷ್ಟೂ ಬಿಡುವಿಲ್ಲ. ನಮ್ಮ ತಲೆ ಮೇಲೆ ಇದ್ದದ್ದು ಬರೀ ಟರ್ಪಾಲು.

ಹಿಂದಿನಿಂದ ಒಂದು ಓಮ್ನಿ ಬಂತು. ಅದರ ಡ್ರೈವರ್ ಗಾಜು ಚೂರು ಇಳಿಸಿ, ‘ಅದ್ರಲ್ಲಿ ಕೂರ್ಬೇಡಿ, ಸಿಡ್ಲು ಹೊಡಿತಾ ಇದೆ, ಬನ್ನಿ ಈಚೆ’ ಅಂತ ಕೂಗಿದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗಾಡಿಯೊಳಗೆ ಸಿಡಿಲಿನಿಂದ ಕಾಪಾಡುವುದು ರಬ್ಬರ್ ಟೈರ್ ಅಲ್ಲ. ಸುತ್ತಲೂ ಮುಚ್ಚಿದ ಲೋಹದ ಬಾಡಿ. ಸಿಡಿಲಿನ ಕರೆಂಟು ಆ ತಗಡಿನ ಹೊರಮೈ ಮೇಲೆ ಹರಿದು ನೆಲಕ್ಕೆ ಇಳಿಯುತ್ತದೆ, ಒಳಗೆ ಇರುವವರನ್ನು ಬಿಡುತ್ತದೆ. ಟರ್ಪಾಲಿಗೆ, ಫೈಬರ್ ಟಾಪಿಗೆ ಆ ಶಕ್ತಿ ಇಲ್ಲ. ಬೈಕಿನ ಮಾತಂತೂ ಬೇಡವೇ ಬೇಡ. ಹಾಗಾಗಿ ಗುಡುಗಿನ ಹಿಂದೆ ಹೋಗುವುದಾದರೆ ಸಾದಾ ತಗಡಿನ ಓಮ್ನಿ ಆ ಜೀಪಿಗಿಂತ ಎಷ್ಟೋ ಮೇಲು. ಗಾಜು ಪೂರ್ತಿ ಏರಿಸಿ, ಬಾಗಿಲಿನ ಲೋಹ ಮುಟ್ಟದೆ, ಚಾರ್ಜರ್‌ಗೆ ಹಾಕಿದ ಮೊಬೈಲ್ ಕೈಯಲ್ಲಿ ಹಿಡಿಯದೆ ಕೂತಿರಬೇಕು, ಅಷ್ಟೇ.

ಮಾರನೇ ದಿನ ಜೀಪನ್ನು ತೀರ್ಥಹಳ್ಳಿಗೆ ಎಳೆಸಿಕೊಂಡು ಬಂದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ ಸ್ನಾರ್ಕೆಲ್‌ನ ಬುಡ ತೋರಿಸಿದರು. ಹೊರಗೆ ಅಷ್ಟು ಚಂದ ಕಾಣುವ ಪೈಪು ಒಳಗೆ ಫೆಂಡರಿನ (ಚಕ್ರದ ಮೇಲಿನ ತಗಡು) ತೂತಿನಲ್ಲೇ ಮುಗಿದಿತ್ತು. ಏರ್ ಫಿಲ್ಟರಿಗೆ ಸಂಬಂಧವೇ ಇಲ್ಲ! ‘ಇದು ಶೋಕಿಗೆ ಹಾಕಿದ್ದು ಸ್ವಾಮಿ, ಇಂಜಿನ್ ಗಾಳಿ ಎಳ್ಕೊಳ್ಳೋದು ಇಲ್ಲಿಂದ’ ಅಂತ ರೇಡಿಯೇಟರ್ ಪಕ್ಕ ಕೈ ಇಟ್ಟರು. ನನ್ನ ಎದೆ ಝಲ್ ಅಂತು. ಈ ಪೈಪು ನಂಬಿ ಯಾರಾದರೂ ಹಳ್ಳಕ್ಕೆ ಇಳಿಸಿದ್ದರೆ ಏನು ಗತಿ? ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್‌ಗೆ ಅದನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿ ಇಂಜಿನ್ ಅಲ್ಲೇ ಕೂತುಬಿಡುತ್ತದೆ. ಅದೂ ಹೊಳೆ ಮಧ್ಯದಲ್ಲಿ.

ಸ್ನಾರ್ಕೆಲ್ ಅಸಲಿ ಇದ್ದರೂ ಅದು ಇಂಜಿನ್‌ಗೆ ಉಸಿರು ಕೊಡುತ್ತದೆ ಹೊರತು ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರು ತೇಲಿ ಹೋಗಬಹುದು, 60 ಸೆಂಟಿಮೀಟರ್ ಇದ್ದರೆ ದೊಡ್ಡ ಗಾಡಿಗಳೂ ಕೊಚ್ಚಿಕೊಂಡು ಹೋಗುತ್ತವೆ. ಮೋರಿ ಮೇಲೆ ನೀರು ಬಂದಿದ್ದರೆ ವಾಪಸ್ ತಿರುಗಿಸಿ.

ಲೈಟ್ ಬಾರ್ ಕತೆ ಇನ್ನೂ ಕೆಟ್ಟದು. ಅದರ ಮೇಲೇ 120 ವ್ಯಾಟ್ ಅಂತ ಬರೆದಿತ್ತು. 12 ವೋಲ್ಟಿಗೆ ಅದೊಂದೇ 10 ಆಂಪಿಯರ್ ಎಳೆಯುತ್ತದೆ. ಎರಡು ಹೆಡ್‌ಲೈಟಿನದ್ದು ಹತ್ತಿರಹತ್ತಿರ ಅಷ್ಟೇ. ಇಷ್ಟೂ ಕರೆಂಟು ಹಳೇ ಹೆಡ್‌ಲೈಟ್ ಸ್ವಿಚ್ಚಿನ ಸಪೂರ ವೈರಿನಲ್ಲಿ ಹೋಗುತ್ತಿತ್ತು. ಜಾಸ್ತಿ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ರಿಲೇ ಇಲ್ಲ, ಬೇರೆ ಫ್ಯೂಸ್ ಇಲ್ಲ. ಎರಡು ವೈರು ಕೈಯಲ್ಲೇ ತಿರುಚಿ ಮೇಲೆ ಕರಿ ಟೇಪು ಸುತ್ತಿದ್ದರು. ಟೇಪು ಬಿಚ್ಚಿದಾಗ ಒಳಗೆ ವೈರಿನ ಸಿಪ್ಪೆಯೆಲ್ಲ ಕರಗಿ ವೈಪರ್ ವೈರಿಗೂ ಅಂಟಿಕೊಂಡಿತ್ತು. ಬೆಂಕಿ ಹತ್ತಿಕೊಳ್ಳದೆ ಇದ್ದದ್ದೇ ದೊಡ್ಡದು. ಹಾಗೆ ನೋಡಿದರೆ ಆಗುಂಬೆಯ ಮಂಜಿನಲ್ಲಿ ಎತ್ತರದ ಬಿಳಿ ಲೈಟ್ ಬಾರ್ ಉಪಯೋಗಕ್ಕೇ ಬರುವುದಿಲ್ಲ. ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಬಂಪರ್ ಕೆಳಗೆ ಒಂದು ಜೊತೆ ಫಾಗ್ ಲ್ಯಾಂಪ್, ಹೊಸ ವೈಪರ್ ಬ್ಲೇಡು, ಗಾಜಿನ ಮಬ್ಬು ತೆಗೆಯುವ ಎಸಿ ಇದ್ದರೆ ಮಲೆನಾಡಿಗೆ ಅದು ಎಷ್ಟೋ ಲೇಸು.

ಟೈರಿಗೆ ಪಾಲಿಶ್ ಹಚ್ಚಿ ಹೊಸದರಂತೆ ಮಾಡಿದ್ದರು. ಟೈರಿನ ಪಕ್ಕದ ಗೋಡೆ ಮೇಲೆ DOT ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಗುಬ್ಬಿ ಎಷ್ಟೇ ದಪ್ಪ ಇದ್ದರೂ ರಬ್ಬರ್ ಗಟ್ಟಿಯಾದರೆ ಒದ್ದೆ ಟಾರಿನಲ್ಲಿ ಹಿಡಿತ ಇರುವುದಿಲ್ಲ. ಘಾಟಿ ರಸ್ತೆಗೆ ಕಂಪನಿ ಕೊಟ್ಟ ಅಳತೆಯ ಒಳ್ಳೇ ರೋಡ್ ಟೈರೇ ಸಾಕು. ಜೊತೆಗೆ, ಆರ್‌ಸಿಯಲ್ಲಿ ಇಲ್ಲದಂತೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಏನಾದರೂ ಆದರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು.

ಡೀಲರನ್ನು ಕೇಳಿದರೆ, ಎಲೆಕ್ಟ್ರಿಕಲ್ ಸಾಮಾನಿಗೆ ಗ್ಯಾರಂಟಿ ಇಲ್ಲ ಅಂದ. ಒಂದು ರೂಪಾಯಿ ವಾಪಸ್ ಬರಲಿಲ್ಲ.

ಸರಿಯಾದ ಗಾಡಿ ಸಿಕ್ಕಿತು ಅಂತ ಮೋಡದ ಬುಡಕ್ಕೇ ಹೋಗಬೇಡಿ. 2013ರ ಮೇ 31ರಂದು ಅಮೆರಿಕದ ಒಕ್ಲಹೋಮಾದ ಎಲ್ ರೀನೋ ಹತ್ತಿರ ಎದ್ದ ಸುಂಟರಗಾಳಿ 4 ಕಿಲೋಮೀಟರಿಗೂ ಜಾಸ್ತಿ ಅಗಲ ಇತ್ತು. ಅದರಲ್ಲಿ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ತಮ್ಮ ಕಾರು ಅದಕ್ಕೆ ಸಿಕ್ಕಿ ತೀರಿಕೊಂಡರು. ಟಿಮ್ ವರ್ಷಗಟ್ಟಲೆ ಸುಂಟರಗಾಳಿ ಹಿಂದೆ ಹೋಗಿ ಅಧ್ಯಯನ ಮಾಡಿದ್ದ ಸಂಶೋಧಕರು. ನಮ್ಮಲ್ಲಿ ಅಂಥ ಸುಂಟರಗಾಳಿ ಇಲ್ಲ, ಆದರೆ ಸಿಡಿಲು ಇದೆ, ಗಾಳಿಗೆ ಮುರಿದು ರಸ್ತೆಗೆ ಬೀಳುವ ಅಕೇಶಿಯಾ ಇದೆ. ಗಾಡಿ ಮೇಲೆ ಕರೆಂಟ್ ತಂತಿ ಬಿದ್ದರೆ ಕೆಳಗೆ ಇಳಿಯಲೇಬೇಡಿ. ಒಳಗೇ ಕೂತು ಫೋನ್ ಮಾಡಿ.

ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾಡಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ 30ಕ್ಕಿಂತ ಕಡಿಮೆ ಬಂದರೆ ಬಯಲಿನಲ್ಲಿ, ಬಂಡೆ ಮೇಲೆ ನಿಲ್ಲದೆ ಗಾಡಿಯೊಳಗೆ ಬನ್ನಿ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಟ್ರೈಪಾಡ್ ಹೊರಗೆ ತೆಗೆಯಬೇಡಿ.

ಅದೇ ಅಂಗಡಿ ಮುಂದೆ ಈಗ ಇನ್ನೊಂದು ಜೀಪ್ ನಿಂತಿದೆ. ಅದಕ್ಕೂ ಅಂಥದ್ದೇ ಕರಿ ಪೈಪು. ಯಾವ ಅಂಗಡಿಗೇ ಹೋಗಿ, ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಪೈಪು ಏರ್ ಫಿಲ್ಟರ್ ತನಕ ಹೋಗಿದೆಯಾ ಅಂತ ಕೈ ಹಾಕಿ ನೋಡಿ. ಇದ್ದ ಲೈಟೆಲ್ಲ, ವೈಪರ್ ಎಲ್ಲ ಒಟ್ಟಿಗೆ ಹಾಕಿಸಿ ಕಾಲು ಗಂಟೆ ಇಂಜಿನ್ ಓಡಿಸಿ. ಆಮೇಲೆ ಸ್ವಿಚ್ಚಿನ ಹಿಂದಿನ ವೈರು ಮುಟ್ಟಿದಾಗ ಬಿಸಿ ಇದ್ದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.